ಕ್ರೆಟಾಗೆ 18 ಇಂಚಿನ ಚಕ್ರ ಹಾಕಿಸಬಹುದಾ? ಹಾಕಿಸಿದವರು ಅನುಭವ ಹೇಳಿ

ಕೇಳಿದವರು, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಕ್ರೆಟಾ ಕಾರು, 1.5 ಪೆಟ್ರೋಲ್ ಮ್ಯಾನ್ಯುಯಲ್, ಕೆಳಗಿನ ವೇರಿಯಂಟ್. ಕಂಪನಿ ಕೊಟ್ಟ ಟೈರ್ 205/65 ಆರ್16. 52 ಸಾವಿರ ಕಿಲೋಮೀಟರ್ ಓಡಿದೆ, ಈ ಮಳೆಗಾಲಕ್ಕೆ ಮೊದಲು ನಾಲ್ಕೂ ಬದಲಿಸಲೇಬೇಕು. ಹೇಗೂ ದುಡ್ಡು ಹಾಕುತ್ತಿದ್ದೇನೆ, 18 ಇಂಚಿನ ಅಲಾಯ್ (ಮಿಶ್ರಲೋಹದ ಚಕ್ರ) ಹಾಕಿಸಿಬಿಡೋಣ ಅಂತ ಮನಸ್ಸಾಗಿದೆ. ಈಗಿರುವ ಚಕ್ರ ಗಾಡಿಯ ಗಾತ್ರಕ್ಕೆ ಚಿಕ್ಕದಾಗಿ ಕಾಣುತ್ತದೆ. ಅಂಗಡಿಯಲ್ಲಿ 225/55 ಆರ್18 ಕೂರುತ್ತದೆ ಅಂದರು. ನಮ್ಮ ಮನೆ ತೋಟದ ಒಳಗಿದೆ, ಕೊನೆಯ 2 ಕಿಲೋಮೀಟರ್ ಮಣ್ಣಿನ ರಸ್ತೆ. ತಿಂಗಳಿಗೆ ಎರಡು ಸಲ ಬೆಂಗಳೂರು, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರು. ಹಾಕಿಸಿದವರು ಒಳ್ಳೆಯದು, ಕೆಟ್ಟದ್ದು ಎರಡೂ ಹೇಳಿ.

ಬೆಂಗಳೂರು

ನಾನು ಹಾಕಿಸಿದ್ದೆ. ಅದೇ ಗಾಡಿ, 235/50 ಆರ್18. ಒಂದು ವರ್ಷ ಎರಡು ತಿಂಗಳು ಓಡಿಸಿ ಮತ್ತೆ 16 ಇಂಚಿಗೇ ವಾಪಸ್ ಬಂದೆ.

ಮೊದಲು ಚೆನ್ನಾಗಿದ್ದದ್ದನ್ನು ಹೇಳುತ್ತೇನೆ. ನೋಡಲು ಗಾಡಿ ನಿಜವಾಗಲೂ ಬೇರೆಯೇ ಆಯಿತು. ತುಮಕೂರು ರಸ್ತೆಯಲ್ಲಿ 100ರಲ್ಲಿ ಲೇನ್ ಬದಲಿಸುವಾಗ ಮೊದಲು ಮೈ ಸ್ವಲ್ಪ ತೂಗಿದ ಹಾಗೆ ಆಗುತ್ತಿತ್ತು, ಅದು ಹೋಯಿತು. ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ತಕ್ಷಣ ಗಾಡಿ ಕೇಳುತ್ತಿತ್ತು. ಬ್ರೇಕ್ ಹಾಕಿದಾಗ ಹಿಡಿತ ಚೆನ್ನಾಗಿತ್ತು, ಆದರೆ ಅದು ಹೊಸ ಟೈರಿನ ಗುಣವೂ ಇರಬಹುದು, ಸವೆದ ಟೈರ್ ತೆಗೆದು ಏನೇ ಹೊಸದು ಹಾಕಿದರೂ ಅಷ್ಟು ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಕಷ್ಟ. ನಗರದಲ್ಲಿ ರಸ್ತೆಯ ಪ್ರತಿ ತೇಪೆಯೂ ಸೀಟಿಗೆ ಬರುತ್ತಿತ್ತು. ನನ್ನ ಅಮ್ಮನಿಗೆ ಸೊಂಟ ನೋವು, ಎರಡನೇ ವಾರವೇ ಹಿಂದಿನ ಸೀಟಲ್ಲಿ ಕೂರುವುದಕ್ಕೆ ಬೇಡ ಅಂದರು. ಜುಲೈನಲ್ಲಿ ಒಂದು ರಾತ್ರಿ ಮಳೆ, ರಿಂಗ್ ರೋಡಿನ ಸರ್ವಿಸ್ ರಸ್ತೆಯಲ್ಲಿ ನೀರು ನಿಂತಿತ್ತು, ಗುಂಡಿ ಕಾಣಲಿಲ್ಲ. ಢಬ್ ಅಂತ ಒಂದೇ ಸದ್ದು. ಬೆಳಿಗ್ಗೆ ನೋಡಿದರೆ ಮುಂದಿನ ಎಡ ಟೈರಿನ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಕೋಳಿಮೊಟ್ಟೆ ಗಾತ್ರದ ಉಬ್ಬು, ರಿಮ್ಮಿನ ಒಳಅಂಚು ಬಾಗಿತ್ತು. ಸೈಡ್‌ವಾಲ್ ಉಬ್ಬಿದರೆ ಪ್ಯಾಚ್ ಹಾಕಲು ಆಗುವುದಿಲ್ಲ, ಒಳಗಿನ ದಾರಗಳು ತುಂಡಾಗಿರುತ್ತವೆ, ಟೈರ್ ಎಸೆಯಬೇಕು. ಒಂದು ಟೈರಿಗೆ 13 ಸಾವಿರ ಕೊಟ್ಟೆ. ನಾಲ್ಕು ತಿಂಗಳಿಗೆ ಇನ್ನೊಂದು ಕಡೆ ಅದೇ ಕಥೆ.

ಆಮೇಲೆ ಕೂತು ಲೆಕ್ಕ ಹಾಕಿದೆ. 16 ಇಂಚಿನದರಲ್ಲಿ ರಿಮ್ಮಿನಿಂದ ನೆಲಕ್ಕೆ 133 ಮಿಲಿಮೀಟರ್ ರಬ್ಬರ್ ಇತ್ತು. 18 ಇಂಚಿನದರಲ್ಲಿ 117. ಒಂದೂವರೆ ಸೆಂಟಿಮೀಟರ್ ಅಷ್ಟೇ ಅಲ್ವಾ ಅನ್ನಿಸುತ್ತದೆ, ಆದರೆ ಗುಂಡಿ ಬಂದಾಗ ಆ ಒಂದೂವರೆ ಸೆಂಟಿಮೀಟರೇ ರಿಮ್ ಉಳಿಸುವುದು.

ಹುಬ್ಬಳ್ಳಿ

ನೋಡ್ರಿ, ನಾನು 14 ವರ್ಷದಿಂದ ಟೈರ್, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಕೆಲಸ ಮಾಡುತ್ತಿದ್ದೇನೆ. ಅಲಾಯ್ ಮಾರಿದರೆ ನನಗೇ ಲಾಭ. ಆದರೂ ಮಣ್ಣಿನ ರಸ್ತೆಯವರು ಬಂದು 18 ಇಂಚು ಕೇಳಿದರೆ ನಾನು ಎರಡು ಸಲ ಕೇಳುತ್ತೇನೆ, ಯಾಕೆ ಅಂತ.

ಮೊದಲು ಟೈರ್ ಮೇಲಿನ ಅಂಕಿ ಓದಲು ಕಲಿಯಿರಿ, ಆಮೇಲೆ ಅಂಗಡಿಯವರು ಏನು ಹೇಳಿದರೂ ನೀವೇ ಪರೀಕ್ಷೆ ಮಾಡಬಹುದು. 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಆ ಅಗಲದ ನೂರಕ್ಕೆ 65 ಭಾಗ ಸೈಡ್‌ವಾಲ್ ಎತ್ತರ, ಅಂದರೆ 133. 16 ಅಂದರೆ ರಿಮ್ ಎಷ್ಟು ಇಂಚು. ರಿಮ್ಮನ್ನು 25.4ರಿಂದ ಗುಣಿಸಿ ಎರಡು ಸೈಡ್‌ವಾಲ್ ಕೂಡಿಸಿದರೆ ಪೂರ್ತಿ ಚಕ್ರದ ಎತ್ತರ 673 ಮಿಲಿಮೀಟರ್ ಬರುತ್ತದೆ. ನಿಮಗೆ ಹೇಳಿದ 225/55 ಆರ್18 ಲೆಕ್ಕ ಮಾಡಿ, 705. ನೂರಕ್ಕೆ ಐದರ ಹತ್ತಿರ ದೊಡ್ಡದು. ನಮ್ಮ ಕೆಲಸದಲ್ಲಿ ನೂರಕ್ಕೆ ಮೂರರ ಮೇಲೆ ಹೋಗಬೇಡಿ ಅನ್ನುತ್ತೇವೆ. ಯಾಕೆ ಅಂದರೆ ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಎಷ್ಟು ದೂರ ಹೋಗುತ್ತದೆ ಅನ್ನುವುದರ ಮೇಲೆ ಮೀಟರಿನ ಲೆಕ್ಕ ನಿಂತಿದೆ. ಮೀಟರ್ ಮೊದಲಿನ ಹಾಗೇ 100 ತೋರಿಸುವಾಗ ನೀವು ಮೊದಲಿಗಿಂತ ಸುಮಾರು 5 ಕಿಲೋಮೀಟರ್ ವೇಗ ಜಾಸ್ತಿ ಹೋಗುತ್ತಿರುತ್ತೀರಿ.

ಇನ್ನೊಂದು, ಚಕ್ರ ದೊಡ್ಡದಾದರೆ ಎಲ್ಲಾ ಗೇರೂ ಅಷ್ಟಷ್ಟು ಉದ್ದ ಆದ ಹಾಗೆ. ಶಿರಾಡಿ ಏರುವಾಗ, ಐದು ಜನ ಕೂತು ಡಿಕ್ಕಿ ತುಂಬಿದ್ದರೆ, ಎರಡನೇ ಗೇರಲ್ಲಿ ಎಳೆಯುತ್ತಿದ್ದ ಕಡೆ ಮೊದಲ ಗೇರಿಗೆ ಬರಬೇಕಾಗುತ್ತದೆ. ಟರ್ಬೊ ಇಲ್ಲದ 1.5 ಪೆಟ್ರೋಲಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಮತ್ತೆ ಕ್ಲಚ್ ಸವೆಯುವುದು ಅಲ್ಲೇ. ಅಗ್ಗದ 18 ಇಂಚಿನ ಅಲಾಯ್ ಭಾರವೂ ಜಾಸ್ತಿ. ಸ್ಪ್ರಿಂಗ್ ಕೆಳಗಿನ ಭಾರ ಅದು, ಶಾಕ್ ಅಬ್ಸಾರ್ಬರ್ ಅದನ್ನು ಪ್ರತಿ ಗುಂಡಿಗೂ ಹಿಡಿದು ನಿಲ್ಲಿಸಬೇಕು. ಬುಷ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಬೇಗ ಸದ್ದು ಮಾಡಲು ಶುರು ಮಾಡುತ್ತವೆ.

ಆಫ್‌ಸೆಟ್ ಅಂತ ಒಂದಿದೆ, ಗಿರಾಕಿಗಳು ಯಾರೂ ಕೇಳುವುದಿಲ್ಲ. ರಿಮ್ ಹಬ್ಬಿಗೆ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ನಡುಭಾಗ) ಕೂರುವ ಜಾಗ ರಿಮ್ಮಿನ ಅಗಲದ ನಡುವಿನಿಂದ ಎಷ್ಟು ಆಚೆ ಈಚೆ ಇದೆ ಅನ್ನುವ ಅಳತೆ, ರಿಮ್ಮಿನ ಹಿಂದೆ ಇಟಿ (ET) ಅಂತ ಬರೆದಿರುತ್ತದೆ. ಅದು ಕಡಿಮೆ ಆದರೆ ಚಕ್ರ ಹೊರಗೆ ಚಾಚುತ್ತದೆ, ನೋಡಲು ಚೆಂದ, ಬೇರಿಂಗಿಗೆ ಹೊರೆ, ಕೆಸರೆಲ್ಲ ಬಾಗಿಲಿಗೆ. ಬೋಲ್ಟ್ ಕೂತ ಮಾತ್ರಕ್ಕೆ ರಿಮ್ ಸರಿ ಅಂತಲ್ಲ. ಹಾಕಿಸಿದ ಮೇಲೆ ಅಂಗಡಿ ಬಿಡುವ ಮೊದಲೇ ಹಿಂದೆ ಮೂರು ಜನ ಕೂರಿಸಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಒಂದು ಹಂಪ್ ದಾಟಿಸಿ ನೋಡಿ. ಖಾಲಿ ಗಾಡಿಯಲ್ಲಿ ಉಜ್ಜದ ಟೈರ್ ತುಂಬಿದ ಗಾಡಿಯಲ್ಲಿ ಉಜ್ಜುತ್ತದೆ.

ಪುತ್ತೂರು

ನನ್ನ ಅನುಭವ ಸ್ವಲ್ಪ ಬೇರೆ. ನಾನು ರಿಮ್ ಮುಟ್ಟಲಿಲ್ಲ, ಟೈರ್ ಮಾತ್ರ ಒಂದು ಸೈಜ್ ಮೇಲೆ ಹಾಕಿಸಿದೆ. 205/65 ಇದ್ದದ್ದು 215/65 ಆರ್16 ಆಯಿತು. ಎತ್ತರ 673ರಿಂದ 686, ನೂರಕ್ಕೆ ಎರಡೂ ಇಲ್ಲ. ನೆಲದಿಂದ ಆರೂವರೆ ಮಿಲಿಮೀಟರ್ ಮೇಲೆ ಬಂತು, ಯಾಕೆಂದರೆ ಚಕ್ರ ಎಷ್ಟು ದೊಡ್ಡದಾದರೂ ಗಾಡಿ ಏರುವುದು ಅದರ ಅರ್ಧ. ಅದು ಲೆಕ್ಕಕ್ಕೆ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಸೈಡ್‌ವಾಲ್ 140 ಆಯಿತು, ಕಲ್ಲು ರಸ್ತೆಯಲ್ಲಿ ಕೂತವರಿಗೆ ಅದು ಗೊತ್ತಾಗುತ್ತದೆ. ನಮ್ಮ ಮನೆ ಏರು ಕೆಂಪು ಮಣ್ಣು, ಆಟಿ ತಿಂಗಳಲ್ಲಿ ಮೊದಲು ಮುಂದಿನ ಚಕ್ರ ಸುಮ್ನೆ ತಿರುಗುತ್ತಾ ನಿಂತುಬಿಡುತ್ತಿತ್ತು. ಈಗ ಹತ್ತುತ್ತದೆ. ಇದು ಸೈಜಿಗಿಂತ ಟ್ರೆಡ್ಡಿನ (ನೆಲ ಮುಟ್ಟುವ ಗೀರಿನ ಮೈ) ಕೆಲಸ ಅಂತ ನನ್ನ ನಂಬಿಕೆ, ಸ್ವಲ್ಪ ಒರಟು ಗೀರು ಇರುವ ಹೈವೇ-ಟೆರೇನ್ ಟೈರ್ ತೆಗೆದುಕೊಂಡೆ. ಡಾಂಬರಿನಲ್ಲಿ 80 ದಾಟಿದರೆ ಸಣ್ಣ ಗುಂಯ್ ಸದ್ದು ಇದೆ, ಒಪ್ಪಿಕೊಂಡಿದ್ದೇನೆ.

ಅಗಲ ಜಾಸ್ತಿ ಮಾಡುವಾಗ ಒಂದು ಎಚ್ಚರ. ನಿಂತ ನೀರಿನ ಮೇಲೆ ಅಗಲದ ಟೈರ್ ಬೇಗ ತೇಲುತ್ತದೆ, ಸವೆದಿದ್ದರೆ ಇನ್ನೂ ಬೇಗ. ಬಿ.ಸಿ. ರೋಡ್ ಕಡೆ ಒಮ್ಮೆ ನನಗೆ ಸ್ಟೇರಿಂಗ್ ಹಗುರವಾದ ಹಾಗೆ ಆಯಿತು, ಆ ಎರಡು ಸೆಕೆಂಡ್ ಈಗಲೂ ನೆನಪಿದೆ. ಅದಕ್ಕೇ 215ಕ್ಕೆ ನಿಂತೆ, 235 ಬೇಡ ಅಂದೆ.

ಮಾಂಟ್ರಿಯಲ್ (ಊರು ಶಿವಮೊಗ್ಗ)

ಇಲ್ಲಿಂದ ಒಂದು ಮಾತು. ಕೆನಡಾದ ಈ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಬೇಸಿಗೆಗೆ 18, 19 ಇಂಚು ಇರುವ ಕ್ರಾಸ್‌ಓವರಿಗೂ ಚಳಿಗಾಲಕ್ಕೆ ತುಂಬಾ ಜನ 17 ಇಂಚಿನ ರಿಮ್ ಹಾಕುತ್ತಾರೆ, ಸೈಡ್‌ವಾಲ್ ಎತ್ತರ ಇರಲಿ ಅಂತ. ಹಿಮ ಕರಗಿದ ಮೇಲೆ ಇಲ್ಲಿನ ರಸ್ತೆಯಲ್ಲೂ ನಮ್ಮೂರಿನ ಹಾಗೇ ಗುಂಡಿ ಬೀಳುತ್ತವೆ. ಕಷ್ಟದ ಕಾಲಕ್ಕೆ ಚಿಕ್ಕ ರಿಮ್ಮೇ ಬೇಕು ಅಂತ ನಾನು ಇಲ್ಲಿ ಬಂದು ಕಲಿತೆ.

ಕೇಳಿದವರು, ಸಕಲೇಶಪುರ

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ. ಮೂರು ಅನುಮಾನ ಉಳಿದಿವೆ. ಮೈಲೇಜ್ ಎಷ್ಟು ಬೀಳುತ್ತದೆ? ಇನ್ಶೂರೆನ್ಸ್ ತಕರಾರು ಬರುತ್ತದಾ? ಮೇಲಿನ ವೇರಿಯಂಟಿನ 17 ಇಂಚು ಹಾಕಿದರೆ ಹೇಗೆ?

ಬೆಂಗಳೂರು

ಮೈಲೇಜ್ ನನಗೆ ಲೀಟರಿಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಬಿತ್ತು. ಆದರೆ ಅದರಲ್ಲಿ ಒಂದು ಪಾಲು ಮೀಟರಿನ ತಪ್ಪು. ಚಕ್ರ ನೂರಕ್ಕೆ ಮೂರು ದೊಡ್ಡದಾದರೆ ಮೀಟರ್ ಅಷ್ಟೇ ಕಡಿಮೆ ಕಿಲೋಮೀಟರ್ ಎಣಿಸುತ್ತದೆ, ಲೆಕ್ಕ ಹಾಕುವಾಗ ಅದನ್ನು ಕೂಡಿಸಿಕೊಳ್ಳಬೇಕು. ಉಳಿದದ್ದು ನಿಜವಾದ ನಷ್ಟ, ನಗರದಲ್ಲಿ ನಿಂತು ಹೊರಡುವಾಗ ಭಾರದ ಚಕ್ರ ತಿರುಗಿಸಲು ಹೋಗುವ ಪೆಟ್ರೋಲ್. ಇನ್ಶೂರೆನ್ಸ್ ವಿಷಯಕ್ಕೆ, ಹೊರಗಿನ ಅಲಾಯ್ ಹಾಕಿಸಿದರೆ ಪಾಲಿಸಿ ಕಂಪನಿಗೆ ಬರಹದಲ್ಲಿ ತಿಳಿಸಿ, ಬೆಲೆ ಸೇರಿಸಿಸಿ. ನಾನು ತಿಳಿಸಿರಲಿಲ್ಲ, ಬಾಗಿದ ರಿಮ್ಮಿಗೆ ಒಂದು ರೂಪಾಯಿ ಬರಲಿಲ್ಲ, ಅದು ನನ್ನದೇ ತಪ್ಪು.

ಹುಬ್ಬಳ್ಳಿ

17 ಇಂಚು ಬೇಕೇ ಬೇಕು ಅಂದರೆ 215/60 ಆರ್17 ಹಾಕಿ. ಇದೇ ಗಾಡಿಯ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಟ್ಟ ಸೈಜ್ ಅದು. ಎತ್ತರ 690, ಸೈಡ್‌ವಾಲ್ 129, ಉಜ್ಜುವ ಭಯ ಇಲ್ಲ. ಕಂಪನಿ ರಿಮ್ ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ಅಲುಗಾಟ ನೋಡದೆ ಕೊಳ್ಳಬೇಡಿ. ನಿಮ್ಮ ಸ್ಟೆಪ್ನಿ 16ರದ್ದೇ ಉಳಿಯುತ್ತದೆ, ಅದು ಹಾಕಿದಾಗ ನಿಧಾನ ಹೋಗಿ, ಬೇಗ ತೆಗೆಯಿರಿ. ಆಲ್ ವೀಲ್ ಡ್ರೈವ್ ಗಾಡಿ ಇರುವವರು ಮಾತ್ರ ಹೀಗೆ ಬೇರೆ ಎತ್ತರದ ಸ್ಟೆಪ್ನಿ ಹಾಕಿ ಓಡಿಸುವ ಮೊದಲು ಗಾಡಿಯ ಪುಸ್ತಕ ಓದಲೇಬೇಕು, ನಾಲ್ಕು ಚಕ್ರ ಒಂದೇ ಸಮ ಇಲ್ಲದಿದ್ದರೆ ಡಿಫರೆನ್ಷಿಯಲ್ಲಿಗೆ (ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಏಟು.

ಪುತ್ತೂರು

ತೋಟದ ಕೆಸರಿನ ವಿಷಯ ಯಾರೂ ಹೇಳಲಿಲ್ಲ. ಟೈರ್ ಮತ್ತು ಅದರ ಮೇಲಿನ ಲೈನರ್ (ಒಳಗಿನ ಪ್ಲಾಸ್ಟಿಕ್ ಹೊದಿಕೆ) ಮಧ್ಯೆ ಬೆರಳು ಹೋಗುವಷ್ಟೇ ಜಾಗ ಉಳಿದರೆ ಜೇಡಿ ಮಣ್ಣು ಅಲ್ಲೇ ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಆಮೇಲೆ ಲೈನರ್ ಕಿತ್ತು ಬರುತ್ತದೆ. ಮೂರು ಬೆರಳು ಜಾಗ ಇರಲಿ.

ಕೇಳಿದವರು, ಸಕಲೇಶಪುರ

ಅಮ್ಮನ ಸೊಂಟ ನೋವಿನ ಮಾತು ಓದಿದಾಗಲೇ ಮನಸ್ಸು ಬದಲಾಗಿತ್ತು, ನಮ್ಮ ಮನೆಯಲ್ಲೂ 74 ವರ್ಷದ ಅಪ್ಪ ಇದ್ದಾರೆ, ಆಸ್ಪತ್ರೆಗೆ ಇದೇ ಗಾಡಿಯಲ್ಲಿ ಹೋಗಬೇಕು. ರಿಮ್ ಇದ್ದದ್ದೇ ಇರಲಿ, 215/65 ಆರ್16 ಹಾಕಿಸುತ್ತೇನೆ. ಹುಬ್ಬಳ್ಳಿ ಅಣ್ಣ, ಕೊಳ್ಳುವಾಗ ಟೈರ್ ಮೇಲೆ ಇನ್ನೇನು ನೋಡಬೇಕು?

ಹುಬ್ಬಳ್ಳಿ

ರಿಮ್ ಅಗಲ 6ರಿಂದ 7.5 ಇಂಚಿನ ಒಳಗಿದ್ದರೆ ಆ ಸೈಜ್ ಸರಿಯಾಗಿ ಕೂರುತ್ತದೆ. ಲೋಡ್ ನಂಬರ್ 95ಕ್ಕಿಂತ ಕಡಿಮೆ ಬೇಡ, 95 ಅಂದರೆ ಒಂದು ಟೈರಿಗೆ 690 ಕೆಜಿ. ಅದರ ಪಕ್ಕದ ಅಕ್ಷರ ಎಚ್ ಇರಲಿ, ಗಂಟೆಗೆ 210ರವರೆಗೆ ತಡೆಯುತ್ತದೆ. ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ, 2324 ಅಂದರೆ 2024ರ 23ನೇ ವಾರ. ನಾಲ್ಕಕ್ಕೂ ಓದಿ, ಒಂದಕ್ಕೆ ನೋಡಿ ಬಿಡಬೇಡಿ. ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, 1,000 ಕಿಲೋಮೀಟರ್ ಆದ ಮೇಲೆ ಒಮ್ಮೆ ಬ್ಯಾಲೆನ್ಸಿಂಗ್ ನೋಡಿಸಿ. ಅಲಾಯ್ ಖರ್ಚು ಉಳಿಯಿತಲ್ಲ, ಸ್ಟೆಪ್ನಿಗೂ ಐದನೆಯ ಟೈರ್ ಅದೇ ಸೈಜ್ ತೆಗೆದುಕೊಳ್ಳಿ.