ರೊಟ್ಟಿ ಊಟದ ಲೆಕ್ಕದಾಗ 8,450 ಬರಾಕತ್ತೈತಿ, ಎಲ್ಲಿ ತಪ್ಪೈತ್ರಿ?

ಅಣ್ಣಿಗೇರಿ_ಹುಡುಗಿ:
ಧಾರವಾಡದಾಗ ಸಮುದಾಯ ವಿಜ್ಞಾನ ಓದಾಕತ್ತೀನ್ರಿ. ಆಹಾರ ಮತ್ತು ಪೋಷಣೆ ಪ್ರಾಕ್ಟಿಕಲ್‌ಗೆ ಒಬ್ಬ ಗೃಹಿಣಿಯ 24 ತಾಸಿನ ಊಟ ಬರಕೊಂಡೀನಿ. 4 ಜೋಳದ ರೊಟ್ಟಿ (ಒಂದೊಂದು 90 ಗ್ರಾಂ), ಎಣ್ಣೆಗಾಯಿ, ಬ್ಯಾಳಿ, ಅನ್ನ, ಶೇಂಗಾ ಹಿಂಡಿ (ಚಟ್ನಿ ಪುಡಿ), ಮೊಸರು, ಚಹಾ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಎನ್‌ಐಎನ್) 2017ರ ಆಹಾರ ಕೋಷ್ಟಕ ಹಿಡಿದು ಕೂಡಿಸಿದ್ರ ಶಕ್ತಿ 8,450 ಬಂತು. ಬೇಕಾದದ್ದು 1,660. ಮೂರು ಸಲ ಕೂಡಿಸಿದ್ರೂ ಅಷ್ಟ.

ಪಥ್ಯದ_ಚೀಟಿ:
ಕೂಡಿಸಿದ್ದು ಸರಿ ಐತಿ ತಂಗಿ. ಆ ಕೋಷ್ಟಕದಾಗ ಶಕ್ತಿ ಕೊಟ್ಟಿದ್ದು ಕಿಲೋಜೂಲ್‌ನ್ಯಾಗ. 4.184ರಿಂದ ಭಾಗಿಸು, 2,020 ಕಿಲೋಕ್ಯಾಲೊರಿ ಆಗತೈತಿ. ಜೋಳದ ಸಾಲು ನೋಡು: 100 ಗ್ರಾಂಗೆ 1,398, ಅಂದ್ರ 334 ಕಿಲೋಕ್ಯಾಲೊರಿ. ಜೋಳ, ಗೋಧಿ, ಅಕ್ಕಿ ಯಾವುದಿದ್ರೂ 320ರಿಂದ 360ರ ಆಸುಪಾಸು ಇರತೈತಿ; ಸಾವಿರ ದಾಟಿದ್ರ ಮೊದಲು ಏಕಮಾನ ನೋಡು.

ಗದಗ_ಡಯಟ್:
ಇನ್ನೊಂದು ತಪ್ಪು ರೊಟ್ಟಿಯೊಳಗ ಕುಂತೈತಿ. 90 ಗ್ರಾಂ ಅನ್ನೂದು ಬೆಂದ ರೊಟ್ಟಿ ತೂಕ, ಕೋಷ್ಟಕದಾಗ ಇರೂದು ಒಣ ಜೋಳದ ಲೆಕ್ಕ. 60 ಗ್ರಾಂ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಬಡದ್ರ, ಹಂಚಿನ ಮ್ಯಾಲೆ ಆವಿ ಹೋಗಿಯೂ ಮೆತ್ತನ ರೊಟ್ಟಿ 85-90 ಗ್ರಾಂ ತೂಗತೈತಿ. ಉಳಿದ ನೀರಿಗೂ ನೀನು ಕ್ಯಾಲೊರಿ ಕೊಟ್ಟೀ.

ಹಿಟ್ಟಿನ ಡಬ್ಬಿ ಮೊದಲೊಮ್ಮೆ, ರೊಟ್ಟಿ ಮುಗಿದ ಮ್ಯಾಲೆ ಮತ್ತೊಮ್ಮೆ ತೂಗು; ಬಡಿಯುವಾಗ ಹಚ್ಚೋ ಒಣ ಹಿಟ್ಟೂ ಲೆಕ್ಕಕ್ಕ ಬರತೈತಿ. ಆಮ್ಯಾಲೆ ಎಲ್ಲಾ ರೊಟ್ಟಿ ಕೂಡೇ ತೂಗು. 600 ಗ್ರಾಂ ಹಿಟ್ಟು 900 ಗ್ರಾಂ ರೊಟ್ಟಿ ಆದ್ರ, ತಿಂದ 360 ಗ್ರಾಂ ರೊಟ್ಟಿಗೆ ಹಿಟ್ಟು 360 × 600 ÷ 900, ಅಂದ್ರ 240 ಗ್ರಾಂ. ಅಲ್ಲೇ 400 ಕಿಲೋಕ್ಯಾಲೊರಿ ಇಳೀತು. ಅನ್ನ, ಬ್ಯಾಳಿನೂ ಬೆಂದ ಮ್ಯಾಲೆ ತೂಗಿದ್ರ ಅವಕ್ಕೂ ಹಿಂಗ ಮಾಡಬೇಕು.

ಖಡಕ್ ರೊಟ್ಟಿ ಮಾತ್ರ ಮೋಸ ಮಾಡತೈತಿ. ನೀರು ಆರಿ ಅದರ ತೂಕ ಹಿಟ್ಟಿನ ತೂಕದ ಹತ್ರ ಬಂದಿರತೈತಿ, ಹಂಗಾಗಿ ತಪ್ಪು ದಾರಿಯಾಗ ಹೋದ್ರೂ ಉತ್ತರ ಸರಿ ಕಾಣತೈತಿ.

ಅಣ್ಣಿಗೇರಿ_ಹುಡುಗಿ:
ಹೌದ್ರಿ ಅಕ್ಕಾರ, 1,620ಕ್ಕ ಬಂತು. ಆದ್ರ ಎಣ್ಣಿ ಲೆಕ್ಕ ಬರಕೊಂಡಿಲ್ರಿ. ಕೇಳಿದ್ರ "ಒಂಚೂರು ಹಾಕ್ತೀವಿ" ಅಂತಾರ.

ಪಥ್ಯದ_ಚೀಟಿ:
ಎಣ್ಣೆಗಾಯಿ ಬರದು ಎಣ್ಣಿ ಬಿಟ್ರ ಹೆಂಗ! ಚಮಚದ ಲೆಕ್ಕ ಕೇಳಬ್ಯಾಡ, ತಿಂಗಳಿಗೆ ಎಷ್ಟು ಲೀಟರ್, ಎಷ್ಟು ಮಂದಿ ಉಣ್ತೀರಿ ಅಂತ ಕೇಳು. 5 ಮಂದಿಗೆ 3 ಲೀಟರ್ ಅಂದ್ರ ಒಬ್ಬರಿಗೆ ದಿನಕ್ಕ 20 ಮಿಲಿ. ಅದನ್ನ 20 ಗ್ರಾಂ ಅಂತ ಬರೀಬ್ಯಾಡ. ಲೀಟರ್ ಎಣ್ಣಿ ಸುಮಾರು 910 ಗ್ರಾಂ, ಹಂಗಾಗಿ 18 ಗ್ರಾಂ, 160 ಕಿಲೋಕ್ಯಾಲೊರಿ. ಒಟ್ಟು 1,780 ಆತು. ಹಬ್ಬ, ಮದುವಿ ಇದ್ದ ತಿಂಗಳಾದ್ರ ಈ ಲೆಕ್ಕ ನಂಬಬ್ಯಾಡ.

ಗದಗ_ಡಯಟ್:
"ಸಾಕಷ್ಟು ಸಿಗತೈತಿ" ಅಂತ ಬರಿಯೋ ಮುಂಚೆ ಒಂದು ಮಾತು ಕೇಳು. 1,660 ಅನ್ನೂದು 55 ಕಿಲೋ ತೂಕದ, ಕುಂತು ಕೆಲಸ ಮಾಡೋ ಹೆಣ್ಣುಮಗಳಿಗೆ. ನಿನ್ನ ಗೃಹಿಣಿ ಹೊಲಕ್ಕ ಕಳೆ ತೆಗೀಲಿಕ್ಕೆ ಹೋಗ್ತಾರೇನು? ಹೋದ್ರ ಮಧ್ಯಮ ಶ್ರಮದ ಸಾಲಿಗೆ ಬರ್ತಾರ, ಅಲ್ಲಿ 2,130 ಐತಿ. ಆಗ 350 ಕಡಿಮಿ.