ವಾಟ್ಸ್ಆ್ಯಪ್‌ನಲ್ಲಿ ಫೋಟೋಗೆ ಒಂದು ತಾರೀಖು ಬೇಕಿತ್ತು. ನಿಮಗೇನು ಬೇಕು?

ಕಿತ್ತಳೆಗಿಡ:

ನಮ್ಮದು ಕೊಡಗಿನ ಗಾಳಿಬೀಡು ಕಡೆ. ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು, ಎರಡು ರೂಮಿನ ಹೋಂಸ್ಟೇ. ಹೋದ ಮಳೆಗಾಲದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಬೆಂಗಳೂರಿನ ಫ್ಯಾಮಿಲಿ. "ಮೇಡಂ, ನಾವು ಬರೋದಿಲ್ಲ, ಅಡ್ವಾನ್ಸ್ ವಾಪಸ್ ಹಾಕಿ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಒಂದು ವಿಡಿಯೋ ಕಳಿಸಿದರು. ನೋಡಿದರೆ ಅದೇ! ಎರಡಂತಸ್ತಿನ ಮನೆ ಮಣ್ಣಿನ ಜೊತೆ ಜಾರಿಕೊಂಡು ಕೆಳಗೆ ಹೋಗೋ ವಿಡಿಯೋ. 2018ರ ಆಗಸ್ಟ್‌ದು. ಪ್ರತಿ ವರ್ಷ ಮಳೆಯ ತಿಂಗಳು ಕಕ್ಕಡ ಬಂದ ಹಾಗೆ ಇದೂ ಬರುತ್ತೆ.

ಆವತ್ತು ನಮ್ಮ ಅಂಗಳದಲ್ಲಿ ಅಪರೂಪಕ್ಕೆ ಬಿಸಿಲು. ತಂತಿ ಮೇಲೆ ಮೂರು ಕಂಬಳಿ ಒಣಗೋಕೆ ಹಾಕಿದ್ದೆ, ಇನ್ನೂ ಹೊಗೆ ವಾಸನೆ ಹೋಗಿರಲಿಲ್ಲ. ಅದರ ಫೋಟೋ ತೆಗೆದು ಕಳಿಸಿದೆ. ಅವರು ಬರೆದರು: "ಇದು ಇವತ್ತಿನದು ಅಂತ ಹೇಗೆ ನಂಬೋದು ಮೇಡಂ?"

ನನಗೆ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಅವರ ವಿಡಿಯೋಗೂ ತಾರೀಖಿಲ್ಲ, ನನ್ನ ಕಂಬಳಿಗೂ ಇಲ್ಲ.

ಆ ವಿಡಿಯೋ ಸುಳ್ಳಾಗಿದ್ದರೆ ಸುಳ್ಳು ಅಂತ ಹೇಳಿ ಕೈ ತೊಳ್ಕೊಳ್ಳಬಹುದಿತ್ತು. ಆದರೆ ಅದು ನಿಜ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಆ ವರ್ಷ ಗುಡ್ಡ ಕುಸಿದು ಏನಾಯ್ತು ಅಂತ ನಾವೆಲ್ಲ ಕಂಡಿದ್ದೇವೆ. ಪರಿಹಾರ ಕೇಂದ್ರದಲ್ಲಿ ಚಪಾತಿ ಲಟ್ಟಿಸಿದವಳು ನಾನು. ಹಾಗಾಗಿ "ಅದೆಲ್ಲ ಸುಳ್ಳು" ಅಂತ ಬರೆಯೋಕೆ ಬೆರಳೇ ಬರೋದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಆಗಿದ್ದು ಅಂತ ತೋರಿಸೋ ಗುರುತು 2018ರಿಂದ ಇದೆ. ಜಾಸ್ತಿ ಕೈ ದಾಟಿದ್ದಕ್ಕೆ ಎರಡು ಬಾಣದ ಗುರುತೂ ಬಂತು. ಆದರೆ ಎಷ್ಟು ಕೈ ದಾಟಿದೆ ಅನ್ನೋದು ಬೇಕಾಗಿಲ್ಲ ನನಗೆ. ಯಾವತ್ತಿನದು ಅಂತ ಹೇಳಿದರೆ ಸಾಕು. ಮೂಲೆಯಲ್ಲಿ ಸಣ್ಣಕ್ಕೆ "ಆಗಸ್ಟ್ 2018" ಅಂತ ಇದ್ದರೆ ಯಾರಿಗೇನು ನಷ್ಟ?

ನಿಮಗೆ ಏನು ಬೇಕು ಹೇಳಿ. ಸುಮ್ನೆ ಕೇಳ್ತಿದ್ದೇನೆ, ನಾವು ಹೇಳಿದ್ದನ್ನ ಮಾಡ್ತಾರೆ ಅಂತಲ್ಲ.

ಬೆಂಗಳೂರಲ್ಲಿ_ಕೊಡಗಿನವ:

ಅಕ್ಕ, ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಸ್ವಲ್ಪ ಗೊತ್ತು. ಫೋನಲ್ಲಿ ಫೋಟೋ ತೆಗೆದಾಗ ತಾರೀಖು, ಹೊತ್ತು ಎಲ್ಲ ಆ ಫೈಲ್ ಒಳಗೇ ಬರೆದಿರುತ್ತೆ. ಲೊಕೇಶನ್ ಆನ್ ಇದ್ದರೆ ಜಾಗವೂ. ಮಾಮೂಲಿ ಫೋಟೋ ಥರ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನ ಕುಗ್ಗಿಸಿ, ಈ ವಿವರ ಕಿತ್ತು ಹಾಕಿ ಕಳಿಸುತ್ತೆ. ಬೇಕಂತಲೇ ಹಾಗೆ. ಇಲ್ಲಾಂದ್ರೆ ಯಾವುದೋ ಹುಡುಗಿ ಕಳಿಸಿದ ಒಂದು ಸೆಲ್ಫಿಯಿಂದ ಅವಳ ಮನೆ ಎಲ್ಲಿ ಅಂತ ಗೊತ್ತಾಗಿಬಿಡುತ್ತೆ.

ಸದ್ಯಕ್ಕೆ ಒಂದು ದಾರಿ ಇದೆ. ಫೋಟೋವನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ವಿವರ ಹಾಗೇ ಹೋಗುತ್ತೆ, ಅವರು ಗ್ಯಾಲರಿಯಲ್ಲಿ ತೆರೆದು ನೋಡಬಹುದು. ತಿದ್ದೋಕೆ ಬರೋದಿಲ್ಲ ಅಂತಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ನೀವು ಕೇಳಿದ್ದು ಯಾಕೆ ಕಷ್ಟ ಅಂದರೆ, 2016ರಿಂದ ಮೆಸೇಜ್‌ಗಳು ಪೂರ್ತಿ ಬೀಗ ಹಾಕಿಕೊಂಡೇ ಹೋಗ್ತವೆ. ಒಳಗೇನಿದೆ ಅಂತ ಕಂಪನಿಗೂ ಕಾಣೋದಿಲ್ಲ. 2021ರಲ್ಲಿ ಸರ್ಕಾರ "ಮೊದಲು ಕಳಿಸಿದವರು ಯಾರು ಅಂತ ಹೇಳೋ ವ್ಯವಸ್ಥೆ ಬೇಕು" ಅಂತ ನಿಯಮ ತಂದಾಗ ವಾಟ್ಸ್ಆ್ಯಪ್‌ನವರು ಅದರ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋದರು. ಆದರೆ ನೀವು ‘ಯಾರು’ ಅಂತ ಕೇಳ್ತಿಲ್ಲ, ‘ಯಾವಾಗ’ ಅಂತ ಕೇಳ್ತಿದ್ದೀರಿ. ಜಾಗ ಕಿತ್ತು ಹಾಕಿ ತಿಂಗಳು, ವರ್ಷ ಮಾತ್ರ ಉಳಿಸಿದರೆ ಆಗದ ಕೆಲಸ ಏನಲ್ಲ ಅಂತ ನನ್ನ ಲೆಕ್ಕ.

ಸಂಗಮದ_ದಡ:

ನಾನು ಭಾಗಮಂಡಲದವನು. ಬೇಜಾರು ಮಾಡ್ಕೊಬೇಡಿ, ನೇರ ಹೇಳ್ತೇನೆ. ಹಳೇ ವಿಡಿಯೋ ಹಾಕಿ ಹೆದರಿಸೋರು ಇದ್ದಾರೆ, ಸರಿ. ಹಾಗೇ ಹಳೇ ಬಿಸಿಲಿನ ಫೋಟೋ ಹಾಕಿ "ಬನ್ನಿ ಬನ್ನಿ, ಏನೂ ಇಲ್ಲ" ಅನ್ನೋ ಹೋಂಸ್ಟೇಯವರೂ ಇದ್ದಾರೆ. ನೀವು ಅಂತಲ್ಲ. 2019ರಲ್ಲಿ ತೋರದಲ್ಲಿ ಗುಡ್ಡ ಕುಸೀತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. 2018 ಒಂದೇ ಅಲ್ಲ ನಮ್ಮ ಕಥೆ. ತಾರೀಖು ಬಂದರೆ ಎರಡು ಕಡೆಯವರಿಗೂ ಬರಲಿ.

ನನಗೆ ಬೇಕಾಗಿರೋದು ರಸ್ತೆಯದು. ಸಂಗಮದಲ್ಲಿ ನೀರು ಏರಿದರೆ ನಾಪೋಕ್ಲು ರಸ್ತೆ ಮುಳುಗುತ್ತೆ. ಬೆಳಿಗ್ಗೆ ಗ್ರೂಪಲ್ಲಿ "ರಸ್ತೆ ಬಂದ್" ಅಂತ ಹಾಕ್ತಾರೆ. ಮಧ್ಯಾಹ್ನ ನೀರು ಇಳಿಯುತ್ತೆ, ಇಳಿದಿದ್ದನ್ನ ಯಾರೂ ಹಾಕೋದಿಲ್ಲ. ಬಂದ್ ಆಗಿದ್ದು ಸುದ್ದಿ, ತೆರೆದಿದ್ದು ಸುದ್ದಿಯಲ್ಲ. ಹಾಕಿದವನಿಗೇ ಮೂರು ಗಂಟೆ ಆದಮೇಲೆ "ಈಗಲೂ ಹೀಗೇ ಇದೆಯಾ?" ಅಂತ ಕೇಳಬೇಕು. ಉತ್ತರ ಕೊಡದಿದ್ದರೆ ಮೆಸೇಜ್ ಬೂದು ಬಣ್ಣಕ್ಕೆ ತಿರುಗಬೇಕು. ಅಷ್ಟೇ.

ಲೈನ್‌ಮನೆ_ಹಿಂದೆ:

ಸಂಗಮದವರು ಹೇಳಿದ್ದು ನಮಗೆ ಆನೆ ವಿಷಯದಲ್ಲಿ ಬೇಕು. ನಾನಿರೋದು ಸಿದ್ದಾಪುರದ ಹತ್ತಿರ. ಗ್ರೂಪಲ್ಲಿ "ಆನೆ ಇದೆ, ಹುಷಾರ್" ಅಂತ ಬರುತ್ತೆ. ಎಲ್ಲಿ? ಎಷ್ಟು ಹೊತ್ತಿಗೆ? ಒಂಟಿಯೋ, ಮರಿ ಜೊತೆಯೋ? ಏನೂ ಇರೋದಿಲ್ಲ. ಅದನ್ನ ಇನ್ನೊಬ್ಬ ಇನ್ನೊಂದು ಗ್ರೂಪ್‌ಗೆ ಹಾಕಿದ ಕೂಡಲೇ ಅವನು ಹಾಕಿದ ಹೊತ್ತು ಕಾಣುತ್ತೆ, ನೋಡಿದ ಹೊತ್ತಲ್ಲ.

ಜನವರಿಯಲ್ಲಿ, ಕಾಫಿ ಕೊಯ್ಲು ನಡೀತಿದ್ದಾಗ, ಎಂಟು ಗಂಟೆಗೆ ಒಂದು ಮೆಸೇಜ್ ಬಂತು ಅಂತ ಹದಿನಾಲ್ಕು ಆಳುಗಳನ್ನ ಅವರಿರೋ ಸಾಲುಮನೆ, ಲೈನ್ ಮನೆಯಲ್ಲೇ ಕೂರಿಸಿದೆ. ಹನ್ನೊಂದಕ್ಕೆ ಗೊತ್ತಾಯ್ತು, ಅದು ಹಿಂದಿನ ದಿನ ಸಂಜೆಯದು. ಅರ್ಧ ದಿನದ ಕೂಲಿ ಕೊಟ್ಟೆ, ಹಣ್ಣು ಗಿಡದಲ್ಲೇ. ಆದರೂ ಪುನಃ ಅಂಥ ಮೆಸೇಜ್ ಬಂದರೆ ಪುನಃ ಕೂರಿಸ್ತೇನೆ. ಅನುಮಾನಪಟ್ಟು ಕಳಿಸಿ ಏನಾದರೂ ಆದರೆ?

ತಾನಾಗೇ ಅಳಿಸಿ ಹೋಗೋ ಮೆಸೇಜ್ ಇದೆಯಲ್ಲ ಅಂತ ಮಗ ತೋರಿಸಿದ. 24 ಗಂಟೆ, 7 ದಿನ, 90 ದಿನ. 24 ಗಂಟೆಯಲ್ಲಿ ಆನೆ ಎಲ್ಲಿಗೆ ಹೋಗಿರುತ್ತೆ ಮಾರಾಯ್ರೆ? ಎರಡು ಗಂಟೆಯದು ಕೊಡಿ.

ಅಜ್ಜಿಯ_ಮೊಮ್ಮಗಳು:

ನನ್ನದು ಬೇರೆ ವಿಷಯ. ಮನೆಯಲ್ಲಿ ನಾವು ಮಾತಾಡೋದು ಕೊಡವ ತಕ್ಕ್. ಬರೆಯೋದು ಕನ್ನಡ ಅಕ್ಷರದಲ್ಲಿ. ನಾನು ಒಂದು ಪದ ಬರೆದರೆ ಕೀಬೋರ್ಡ್ ಅದನ್ನ ತಿದ್ದಿ ಕನ್ನಡ ಮಾಡಿಬಿಡುತ್ತೆ. ಕೊನೆಗೆ ಬೇಸತ್ತು ನಾನೂ ಅಜ್ಜಿಗೆ ವಾಯ್ಸ್ ಮೆಸೇಜೇ ಹಾಕೋದು. ಅಜ್ಜಿ ವಾಪಸ್ ನಾಲ್ಕು ನಿಮಿಷದ್ದು ಕಳಿಸ್ತಾರೆ, ಅದರಲ್ಲಿ ಎರಡು ನಿಮಿಷ ಕೋಳಿ ಕೂಗೋದು. ವೇಗ ಹೆಚ್ಚಿಸಿ ಕೇಳಿದರೆ ಅವರ ದನಿ ಅವರದೇ ಅನ್ನಿಸೋದಿಲ್ಲ.

2024ರಲ್ಲಿ ಗೂಗಲ್ ಅನುವಾದಕ್ಕೆ 110 ಭಾಷೆ ಸೇರಿಸಿದರು, ತುಳು ಬಂತು. ತುಳುವಿನ ಗೆಳತಿ ಪಾರ್ಟಿ ಕೊಟ್ಟಳು. ನಮ್ಮದು ಇರಲಿಲ್ಲ. 2011ರ ಜನಗಣತಿಯಲ್ಲಿ ಈ ಭಾಷೆಯ ನಾವು ಸುಮಾರು 1.14 ಲಕ್ಷ ಜನ, ಯಾರ ಲೆಕ್ಕಕ್ಕೆ ಬರ್ತೇವೆ? ಅನುವಾದ ಬೇಡ, "ಈ ಪದ ತಿದ್ದಬೇಡ" ಅಂತ ಒಂದು ಬಟನ್ ಕೊಡಲಿ.

ಕಿತ್ತಳೆಗಿಡ:

ಸಂಗಮದವರಿಗೆ: ಬೇಜಾರೇನಿಲ್ಲ, ನೀವು ಹೇಳಿದ್ದು ಸರಿ. ಹೋದ ವರ್ಷ ನಾನೂ ಜೂನ್‌ನಲ್ಲಿ ಫೆಬ್ರುವರಿಯ ಕಾಫಿ ಹೂವಿನ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ನೋಡಿದವರೊಬ್ಬರು "ಹೂವು ಈಗ ಇದೆಯಾ?" ಅಂತ ಕೇಳಿದರು. "ಇಲ್ಲ, ಈಗ ಜಿಗಣೆ ಇದೆ" ಅಂತ ಬರೆದೆ. ಬುಕಿಂಗ್ ಆಗಲಿಲ್ಲ.

ಮೊಮ್ಮಗಳಿಗೆ: ಕೋಳಿ ಕೂಗಿದ್ದನ್ನ ಅಳಿಸಬೇಡಮ್ಮ, ಇಟ್ಕೊ.

ಬೆಂಗಳೂರಿನ ತಮ್ಮ ಹೇಳಿದ ಡಾಕ್ಯುಮೆಂಟ್ ದಾರಿ ಇವತ್ತು ಮಾಡಿ ನೋಡಿದೆ. ನಾಳೆ ಬರೋ ಗೆಸ್ಟ್‌ಗೆ ಅಂಗಳದ ಫೋಟೋ ಹಾಗೆ ಕಳಿಸಿದೆ. ಕರೆಂಟ್ ಹೋಗಿತ್ತು, ಟವರಿನಲ್ಲಿ ಒಂದೇ ಕಡ್ಡಿ. ಸುತ್ತಿ ಸುತ್ತಿ ಇಪ್ಪತ್ತೈದು ನಿಮಿಷಕ್ಕೆ ಹೋಯ್ತು. ಅಷ್ಟರಲ್ಲಿ ಇಲ್ಲಿ ಮಳೆ ಶುರು. ಅವರು ತೆರೆದು ತಾರೀಖು, ಹೊತ್ತು ಎಲ್ಲ ನೋಡಿ "ಓಹ್, ಬಿಸಿಲಿದೆ!" ಅಂತ ಬರೆದರು.

ಮಳೆ ಅಳೆಯೋ ಕಪ್ ತುಂಬಿದ್ದು ನೋಡಿ ಬಂದೆ, 1 ಇಂಚು 20 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು). ಕೊಡೆ ತನ್ನಿ ಅಂತ ಫೋನ್ ಮಾಡಿಯೇ ಹೇಳಿದೆ.