ದಿನಕ್ಕೆ 1200 ಕ್ಯಾಲೊರಿ ಸಾಕಾ, 1400 ಬೇಕಾ? ತೂಕ ಇಳಿಸಿದವರು ಅನುಭವ ಹೇಳಿ

ಹಾಸನದ ಸೊಸೆ
ವಯಸ್ಸು 36, ಎತ್ತರ 158 ಸೆಂ.ಮೀ., ತೂಕ 74. ಕೂತು ಮಾಡೋ ಕೆಲಸ, ಸಂಜೆ ಮುಕ್ಕಾಲು ಗಂಟೆ ವಾಕಿಂಗ್. ಫೋನಿನ ಆ್ಯಪ್ 1200 ಕ್ಯಾಲೊರಿ ಅಂತಿದೆ. ನಾನೇ ಮಿಫ್ಲಿನ್ ಸೂತ್ರ ಹಾಕಿದರೆ ಬಿಎಂಆರ್ (ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಖರ್ಚು ಮಾಡೋ ಕ್ಯಾಲೊರಿ) 1387 ಬಂತು. ಓಡಾಟ ಇಲ್ಲದವರ 1.2ರಿಂದ ಗುಣಿಸಿ, ತೂಕ ಇಳಿಯಲಿ ಅಂತ 500 ಕಳೆದರೆ 1164, ಸ್ವಲ್ಪ ಓಡಾಡೋರ 1.375ರಿಂದ ಗುಣಿಸಿ ಕಳೆದರೆ 1400ರ ಮೇಲೆ. ಯಾವುದು ಹಿಡೀಲಿ? ಥೈರಾಯ್ಡ್ ಮಾತ್ರೆ ತಗೋತೀನಿ. ಅಡುಗೆ ಅತ್ತೆಯವರದು, ಅದೂ ಗೊತ್ತಿರಲಿ.

ಮಲೆನಾಡ ಮಗಳು
1200 ಅನ್ನೋ ಅಂಕಿ ನೋಡಿದರೇ ಮೈ ಉರಿಯುತ್ತೆ ನನಗೆ. ಒಂದು ಕ್ಲಿನಿಕ್‌ಗೆ ಮೂರು ತಿಂಗಳ ಪ್ಯಾಕೇಜ್ ಅಂತ 18,000 ಕಟ್ಟಿದೆ. ಅದರ ಮೇಲೆ ಶೇಕ್ ಪುಡಿ, ಡಬ್ಬಕ್ಕೆ 2,450, ತಿಂಗಳಿಗೆ ಎರಡು ಡಬ್ಬ. ಶುರುವಿನಲ್ಲಿ 1200. ತೂಕ ನಿಂತುಬಿಟ್ಟಿದೆ ಅಂದಿದ್ದಕ್ಕೆ ಅಲ್ಲಿನ ಹುಡುಗಿ ಪೆನ್ನಲ್ಲಿ ಅದನ್ನ ಹೊಡೆದು ಹಾಕಿ 900 ಅಂತ ಬರೆದಳು. ಬೆಳಗ್ಗೆ ಶೇಕ್, ಮಧ್ಯಾಹ್ನ ಒಂದು ಚಪಾತಿ ಸೌತೆಕಾಯಿ, ರಾತ್ರಿ ಮತ್ತೆ ಶೇಕ್. 82 ಇದ್ದವಳು 68ಕ್ಕೆ ಬಂದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಶುರುವಾಯ್ತು. ಬಚ್ಚಲ ಜಾಲರಿಗೆ ಕೂದಲು ಕಟ್ಟಿಕೊಂಡು ನೀರೇ ಹೋಗ್ತಿರಲಿಲ್ಲ. ನಾದಿನಿ ಮದುವೆಯಲ್ಲಿ ಹೋಳಿಗೆ ತುಪ್ಪ ತಿಂದ ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ನೋವು ಬಂದು ಬೆನ್ನಿಗೆ ಹೊಡೀತು. ಸ್ಕ್ಯಾನ್‌ಗೆ 1,300. ಪಿತ್ತಕೋಶದ ತುಂಬ ಕಲ್ಲು. ಬೇಗ ಬೇಗ ಕರಗಿದರೆ ಲಿವರ್ ಪಿತ್ತಕ್ಕೆ ಕೊಲೆಸ್ಟ್ರಾಲ್ ಜಾಸ್ತಿ ಸುರಿಯುತ್ತೆ, ಜಿಡ್ಡೇ ತಿನ್ನದೆ ಇದ್ದರೆ ಪಿತ್ತಕೋಶ ಹಿಂಡಿಕೊಳ್ಳೋದೇ ಇಲ್ಲ, ಅಲ್ಲೇ ಗಟ್ಟಿಯಾಗುತ್ತೆ ಅಂದರು ಸರ್ಜನ್. ರಕ್ತ ಪರೀಕ್ಷೆ 3,600, ಆಪರೇಷನ್ 92,000. ವಿಮೆಯವರು ಕಲ್ಲಿಗೆ 24 ತಿಂಗಳ ವೇಟಿಂಗ್ ಪೀರಿಯಡ್ ಅಂತ ಒಂದು ರೂಪಾಯಿ ಕೊಡಲಿಲ್ಲ. ಈಗ ತೂಕ 77. ಲೆಕ್ಕ ನೀವೇ ಹಾಕಿಕೊಳ್ಳಿ.

ಗ್ರಾಂ ಲೆಕ್ಕ
ಮೇಡಂ, ನಿಮಗೆ ಕಲ್ಲು ತಂದಿದ್ದು 900, 1200 ಅಲ್ಲ. ಹೈದರಾಬಾದಿನ ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಮಾರ್ಗಸೂಚಿಯಲ್ಲೇ ಇದೆ: 1000ಕ್ಕಿಂತ ಕೆಳಗೆ ಇಳಿಸಬಾರದು, ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು.

ನಂದು ಕೇಳಿ. ಮೈಸೂರು, 94ರಿಂದ 78. ಗುರಿ 1800. ಒಂದು ರೂಪಾಯಿ ಶೇಕ್‌ಗೆ ಹಾಕಿಲ್ಲ. ಅಡುಗೆ ಮನೆ ತಕ್ಕಡಿ 649, ಅದಕ್ಕೆ ಎರಡು ಸಲ ಸೆಲ್ 60, ಅಷ್ಟೇ ಖರ್ಚು. ಜನ ಎಡವೋದು ಗುರಿಯಲ್ಲಿ ಅಲ್ಲ ಸ್ವಾಮಿ, ಅಳತೆಯಲ್ಲಿ. ನೂರು ಗ್ರಾಂ ಅಕ್ಕಿ ಅಂದರೆ ಸುಮಾರು 350 ಕ್ಯಾಲೊರಿ, ನೂರು ಗ್ರಾಂ ಅನ್ನ ಅಂದರೆ 130. ತಟ್ಟೆಯ ಅನ್ನ ತೂಗಿ ಅಕ್ಕಿ ಅಂತ ಬರೆದುಕೊಳ್ಳೋರನ್ನ ನೋಡಿದೀನಿ, ಅನ್ನದ ಅಂಕಿ ಹಿಡಿದು ಹಸಿ ಅಕ್ಕಿ ತೂಗೋರನ್ನೂ ನೋಡಿದೀನಿ.

ಇನ್ನು ಎಣ್ಣೆ. ಒಂದು ಲೀಟರ್ ಅಂದರೆ 910 ಗ್ರಾಂ, ಗ್ರಾಮಿಗೆ 9, ಅಲ್ಲಿಗೆ ಎಂಟು ಸಾವಿರ ಚಿಲ್ಲರೆ. ನಮ್ಮ ಮನೇಲಿ ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಹೋಗ್ತಿತ್ತು. ತಲೆಗೆ ದಿನಕ್ಕೆ 340 ಕ್ಯಾಲೊರಿ ಬರೀ ಎಣ್ಣೆ! ಇದನ್ನ ಅಮ್ಮನಿಗೆ ಹೇಳಿದ ದಿನ ಮನೇಲಿ ಒಗ್ಗರಣೆಯೇ ಹಾಕಲಿಲ್ಲ, ಮಾತೂ ಆಡಲಿಲ್ಲ. ಈಗ ಮೂರು ಲೀಟರ್‌ಗೆ ಬಂದಿದೆ. ಚಿತ್ರಾನ್ನದ ದಿನ ಮಾತ್ರ ಇನ್ನೂ ಜಗಳ.

ಮಲೆನಾಡ ಮಗಳು
1200 ಕೊಟ್ಟವರೇ ಅಲ್ವಾ 900 ಕೊಟ್ಟಿದ್ದು? ಹೊಟ್ಟೆಗೆ ನಾಲ್ಕು ತೂತು ಮಾಡಿಸಿಕೊಂಡವಳು ನಾನು, ಮಾರ್ಗಸೂಚಿ ನನಗೆ ಓದಿಸಬೇಡಿ. 1800 ತಿಂದುಕೊಂಡು ಗಂಡಸರು ಉಪದೇಶ ಮಾಡೋದು ಸುಲಭ.

ಮಂಡ್ಯದ ಹೈದ
ಏನ್ ಸಾರ್ ಇದು, ಹೆತ್ತ ತಾಯಿ ಎಣ್ಣೆ ಹಾಕಿದ್ದಕ್ಕೂ ಲೆಕ್ಕ ಕೇಳೋದಾ? ಊಟಕ್ಕೆ ಕೂತಾಗ ತಕ್ಕಡಿ ಇಟ್ಕಳಕ್ಕೆ ಅದೇನ್ ಚಿನ್ನದ ಅಂಗಡಿನಾ? ನಾನು ಒಂದ್ ಕ್ಯಾಲೊರಿನೂ ಎಣಿಸ್ನಿಲ್ಲ, 11 ಕೆ.ಜಿ. ಇಳ್ಸಿವ್ನಿ. ಮಧ್ಯಾಹ್ನ ಮುದ್ದೆ ಬಸ್ಸಾರು, ರಾತ್ರಿ ಮುದ್ದೆ ಉಪ್ಸಾರು. ಅನ್ನ ಬಂದ್. ಸಂಜೆ ಬಜ್ಜಿ ಅಂಗಡಿ ಕಡೆ ತಿರುಗಿ ನೋಡ್ನಿಲ್ಲ. ಟೀ ದಿನಕ್ಕೆ ಆರು ಕುಡೀತಿದ್ದೆ, ಲೋಟಕ್ಕೆ ಎರಡು ಚಮಚ ಸಕ್ಕರೆ, ಈಗ ಎರಡೇ ಟೀ, ಸಕ್ಕರೆ ಇಲ್ಲ. ಅದೇ ಮುದ್ದೆ ಮಹಿಮೆ.

ಗ್ರಾಂ ಲೆಕ್ಕ
ಮುದ್ದೆ ಮಹಿಮೆ ಅಲ್ಲ, ಬಜ್ಜಿ ಮಹಿಮೆ. ರಾಗಿ ಹಿಟ್ಟು ನೂರು ಗ್ರಾಮಿಗೆ 320, ಅಕ್ಕಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ನೀವು ಬಿಟ್ಟ ಸಕ್ಕರೆ ಹನ್ನೆರಡು ಚಮಚ, ಚಮಚ 5 ಗ್ರಾಂ ಅಂದರೆ ದಿನಕ್ಕೆ 240 ಕ್ಯಾಲೊರಿ. ಎಣಿಸಲಿಲ್ಲ ಅಂದ ಮಾತ್ರಕ್ಕೆ ಕ್ಯಾಲೊರಿ ಇರಲಿಲ್ಲ ಅಂತಲ್ಲ.

ಮಂಡ್ಯದ ಹೈದ
ಮೈಸೂರ್ನೋರು ಮುದ್ದೆನ ಅಗಿದು ತಿಂತೀರೋ ಏನೋ, ಅದಕ್ಕೇ ನಿಮಗೆ ಅದರ ಮರ್ಮ ಗೊತ್ತಿಲ್ಲ. ಎಂಟು ಗಂಟೆ ಹೊಟ್ಟೆ ಕೇಳಲ್ಲ ಕಣ್ರೀ ಮುದ್ದೆ ಉಂಡರೆ. ಅನ್ನಕ್ಕೆ ಆ ತಾಕತ್ ಐತಾ?

ಹುಬ್ಬಳ್ಳಿ ಅಕ್ಕ
ನಿಮ್ಮ ಮುದ್ದಿ ಜಗಳ ಆಮ್ಯಾಲೆ ಇರ್ಲಿ. ಶುಗರ್ ಇದ್ದವರು ಇದನ್ನ ಓದಾಕತ್ತಿದ್ರ ನನ್ನ ಮಾತು ಕೇಳ್ರಿ. ನಮ್ಮ ಮನಿಯವರಿಗೆ ಶುಗರ್ ಇಳಿಸೂ ಗ್ಲಿಮೆಪಿರೈಡ್ ಗುಳಿಗಿ ನಡದೈತಿ. ಯಾರೋ ಹೇಳಿದ್ರಂತ 1300ಕ್ಕ ಬಂದ್ರು, ಜ್ವಾಳದ ರೊಟ್ಟಿ ಮೂರು ತಿನ್ನೂದು ಒಂದಕ್ಕ ಇಳಿಸಿದ್ರು. ಗುಳಿಗಿ ಮಾತ್ರ ಅಷ್ಟಕ್ಕ ಅಷ್ಟ. ಒಂದಿನ ಸಂಜಿಮುಂದ ಅಂಗಿ ಪೂರಾ ಬೆವರಿನಾಗ ತೊಯ್ದು, ಕೈ ನಡುಗಿ, ಒಂದ್ ಕೇಳಿದ್ರ ಒಂದ್ ಹೇಳಾಕತ್ರು. ಮಿಷನ್ ಹಚ್ಚಿ ನೋಡಿದ್ರ ಶುಗರ್ ಬರೇ 48! ಸಕ್ಕರಿ ನೀರು ಕುಡಿಸಿದ ಮ್ಯಾಲೆ ಏರಿತು. ಆದ್ರ ಡಾಕ್ಟರ್ರು ಮನಿಗೆ ಬಿಡ್ಲಿಲ್ಲ, ಈ ಗುಳಿಗಿ ಮೈಯಾಗ ಇರೂತನಕ ಮತ್ತ ಇಳೀತೈತಿ ಅಂದ್ರು. ಆಟೋ 250, ಒಂದ್ ರಾತ್ರಿಗೆ 11,800, ಸ್ಟ್ರಿಪ್ ಡಬ್ಬಿ 900. ಊಟ ಕಡಿಮಿ ಮಾಡೂಕಿಂತ ಮೊದಲ ಗುಳಿಗಿ ಎಷ್ಟು ಅಂತ ಡಾಕ್ಟರ್‌ಗೆ ಕೇಳ್ರಿ. 1200 ಏನು, 1400 ಏನು, ಅದೆಲ್ಲ ಆಮ್ಯಾಲೆ.

ದುಬೈ ಭಟ್ರು
ವಾಚ್ ನಂಬಿ ಹಾಳಾದವನು ನಾನು. 899 ದಿರ್ಹಮ್ ವಾಚ್, ಒಂದು ಗಂಟೆ ನಡೆದರೆ 480 ಕರಗಿತು ಅಂತ ತೋರಿಸ್ತಿತ್ತು. ಕರಗಿದ್ದನ್ನ ತಿನ್ನಬಹುದು ಅಂತ ಆ್ಯಪ್ ಹೇಳ್ತು. ಖುಷಿಯಿಂದ ನೀರ್‌ದೋಸೆ ಕೋಳಿ ಸುಕ್ಕ ಬಾರಿಸಿದೆ. ಮೊದಲನೇ ವಾರ ಬಿಟ್ಟರೆ ಮುಳ್ಳು ಒಂದು ಗ್ರಾಂ ಕೆಳಗೆ ಬರಲಿಲ್ಲ. ಆ ವಾರ ಎರಡು ಕೆ.ಜಿ. ಇಳಿದಿದ್ದೂ ಬರೀ ನೀರು ಅಂತ ಆಮೇಲೆ ತಿಳೀತು.

ಮಂಡ್ಯದ ಹೈದ
ಭಟ್ರು ಕೋಳಿ ಸುಕ್ಕ ತಿಂದ್ರಂತೆ! ಊರ್ನಾಗೆ ಗೊತ್ತಾ ಸ್ವಾಮಿ?

ದುಬೈ ಭಟ್ರು
ನನ್ನ ತಟ್ಟೆ ವಿಚಾರ ನಿಮಗ್ಯಾಕೆ? ವಿಷಯ ಕ್ಯಾಲೊರಿ, ಜಾತಿ ಅಲ್ಲ.

ಹಾಸನದ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಆದರೆ ನಾನು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ 🙂 ಥೈರಾಯ್ಡ್ ಮಾತ್ರೆ ಇದ್ದರೆ ಸೂತ್ರದ ಲೆಕ್ಕ ಬದಲಾಗುತ್ತಾ?

ಮಲೆನಾಡ ಮಗಳು
ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಅಂತ ತೋರಿಸೋ ಅಂಕಿ) ಹದದಲ್ಲಿದ್ದರೆ ಸೂತ್ರ ಹಾಗೇ ನಡೆಯುತ್ತೆ ಅಂತ ನನ್ನ ಡಾಕ್ಟರ್ ಹೇಳಿದ್ದು. ಮೊದಲು ಅದನ್ನ ಟೆಸ್ಟ್ ಮಾಡಿಸಿ. ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬೇಡಿ. ತೂಕ ತುಂಬ ಇಳಿದರೆ ಡೋಸೂ ನೋಡಬೇಕಾಗುತ್ತೆ. ಮತ್ತೆ ದಯವಿಟ್ಟು 1400.

ಗ್ರಾಂ ಲೆಕ್ಕ
ಇದನ್ನ ಮಾತ್ರ ಒಪ್ತೀನಿ, 1400. ಮುಕ್ಕಾಲು ಗಂಟೆ ನಡೆಯೋರಿಗೆ 1.2 ಯಾಕೆ? ನಾಲ್ಕು ವಾರ ಒಂದೇ ಅಂಕಿ ಹಿಡಿದು ವಾರದ ಸರಾಸರಿ ತೂಕ ನೋಡಿ, ದಿನದ್ದಲ್ಲ. ಇಳಿಯದಿದ್ದರೆ ಆಗ ನೂರು ಕಡಿಮೆ ಮಾಡಿ. ಅತ್ತೆಯವರ ಹುಳಿಗೆ ಕಾಯಿ ಎಷ್ಟು ಬೀಳುತ್ತೆ? 60 ಗ್ರಾಂ ತುರಿಯಲ್ಲೇ 200ಕ್ಕೂ ಮೇಲೆ.

ಹಾಸನದ ಸೊಸೆ
ದಿನಕ್ಕೆ ಒಂದು ಪೂರ್ತಿ ಕಾಯಿ. ಐದು ಜನಕ್ಕೆ. ಚಟ್ನಿಗೆ ಬೇರೆ.

ಮಂಡ್ಯದ ಹೈದ
ಹಾಸನದ ಹೆಣ್ಣುಮಗಳ ಕೈಲಿ ಕಾಯಿ ಬಿಡಿಸ್ತೀರಾ? ಆ ಅತ್ತೆ ಈ ಮೆಸೇಜ್ ಓದ್ಲಿ, ಆಮೇಲೆ ಐತೆ ನಿಮಗೆ.

ಗ್ರಾಂ ಲೆಕ್ಕ
ಬಿಡಿ ಅಂದೆನಾ? ತೂಗಿ ಅಂದೆ.